ನೆವ್ ಕೇಳಿದ ಶ್ರುತಿ

"ಮುಂದಿನ ಮೂಲೆಗೆ ನಾನಿರ್ತೀನಿ," ಎಂದು ಕೀತ್ ಶವಪೆಟ್ಟಿಗೆಗೆ ಹೆಗಲು ಕೊಡಲು ಹೋದ. ಕಪ್ಪು ಕೋಟಿನ ಮೇಲ್ವಿಚಾರಕ ಅವನ ಮೊಣಕೈ ಹಿಡಿದು ಮೆಲ್ಲಗೆ ಹಿಂದಕ್ಕೆ ಕರೆತಂದ.

"ಎತ್ತರ ನೋಡ್ಕೊಂಡು ನಿಲ್ಲಿಸ್ಬೇಕು ಸರ್. ಇಲ್ದಿದ್ರೆ ಪೆಟ್ಟಿಗೆ ವಾಲುತ್ತೆ. ನೀವು ಹಿಂದೆ."

"ನಾನ್ಯಾರು ಅಂತ ಗೊತ್ತೇನಪ್ಪಾ ನಿಂಗೆ?"

"ಗೊತ್ತು ಸರ್. ನಮ್ಮಮ್ಮ ಅಡುಗೆಮನೇಲಿ ನಿಮ್ಮ ಫೋಟೋ ಹಾಕ್ಕೊಂಡಿದ್ರು. ನೀವು ಹಿಂದೇನೇ."

ಇನ್ನೊಂದು ಬದಿಯಲ್ಲಿ ನಿಂತಿದ್ದ ಟ್ರೆವರ್‌ಗೆ ನಗು ಬಂತು. ಸತ್ತವನ ಪಕ್ಕದಲ್ಲಿ ನಿಂತು ನಗು ಬಂದದ್ದಕ್ಕೆ ನಾಚಿಕೆಯೂ ಆಯಿತು. ಟ್ರೆವರ್ ಗ್ರೇ ಹೆರನ್ ಎಂಬ ರಾಕ್ ಬ್ಯಾಂಡಿನಲ್ಲಿ ಜೀವಮಾನವಿಡೀ ಬೇಸ್ ಗಿಟಾರ್ ನುಡಿಸಿದವನು. ಕೀತ್ ಅದರ ಗಾಯಕ. ಊರಿಗೆ, ಲೋಕಕ್ಕೆ ಅವನು ಡೋರಿಯನ್ ವೇಲ್. ಕೀತ್ ಎಂದು ಹೆಸರಿಟ್ಟ ಅವನ ಅಮ್ಮ ಸಾಯುವ ತನಕ ಆ ಡೋರಿಯನ್ ಯಾರೆಂದೇ ಕೇಳುತ್ತಿದ್ದಳಂತೆ. ಪೆಟ್ಟಿಗೆಯೊಳಗಿದ್ದವನು ನೆವಿಲ್ ಟರ್ವಿ, ಎಲ್ಲರ ಬಾಯಲ್ಲಿ ನೆವ್. ಖ್ಯಾತಿ ತಲೆಗೇರಿ ಕೀತ್ ಬ್ಯಾಂಡ್ ಬಿಟ್ಟು ಅಮೆರಿಕಕ್ಕೆ ಹೋದಾಗ ಅವನ ಜಾಗದಲ್ಲಿ ಮೂರು ವರ್ಷ ಹಾಡಿದವನು. ಕೀತ್ ಮರಳಿ ಬಂದ ಕೂಡಲೇ ಹೊರಗೆ ಹೋದವನು. ಆಮೇಲೆ ಉಳಿದ ಆಯುಷ್ಯವನ್ನೆಲ್ಲ ಇಂಗ್ಲೆಂಡಿನ ತನ್ನೂರು ಡಡ್ಲಿಯ ಮನೆಮನೆಗಳಲ್ಲಿ ಮೊಣಕಾಲೂರಿ ಕಾರ್ಪೆಟ್ ಹಾಸುತ್ತ ಕಳೆದ.

ಚಿತಾಗಾರದ ಗೇಟಿನಲ್ಲಿ ಹಳೇ ರೆಕಾರ್ಡುಗಳ ಹೊದಿಕೆ ಹಿಡಿದುಕೊಂಡು ನರೆತ ಕೂದಲಿನ ಅಭಿಮಾನಿಗಳು ನಿಂತಿದ್ದರು. ಅವರು ಬಂದದ್ದು ಕೀತ್‌ನ ಸಹಿಗೆ. ನೆವ್‌ನ ಕಾಲದ ರೆಕಾರ್ಡು ಒಬ್ಬರ ಕೈಯಲ್ಲೂ ಇರಲಿಲ್ಲ.

"ನಿಮಗಿಂತ ಮೊದಲು ಬಂದವರ ಪ್ರಾರ್ಥನೆ ಇನ್ನೂ ಮುಗಿದಿಲ್ಲ," ಎಂದ ಮೇಲ್ವಿಚಾರಕ. "ಸ್ವಲ್ಪ ಹೊತ್ತು ಒಳಗೆ ಕೂತಿರಿ."

ಕಾಯುವ ಕೋಣೆಯಲ್ಲಿ ನೆವ್‌ನ ಹೆಂಡತಿ ಮಾರೀನ್ ಇವರಿಗಾಗಿಯೇ ಕಾದಿದ್ದಳು. ಗಿಟಾರ್ ನುಡಿಸುತ್ತ ಬ್ಯಾಂಡಿನ ಯಜಮಾನಿಕೆಯನ್ನೂ ಮಾಡುವ ಲೆನ್, ಟ್ರೆವರ್, ಇಬ್ಬರನ್ನೂ ಫೋನು ಮಾಡಿ ಕರೆದವಳು ಅವಳೇ. ಒಂದು ಹಾಡು ನುಡಿಸಬೇಕು, 'ಕುಲುಮೆ ಆರಿದ ಮೇಲೆ' ಅಂದಿದ್ದಳು. ಗ್ರೇ ಹೆರನ್‌ಗೆ ಅನ್ನ ಹಾಕಿದ ಹಾಡು ಅದು. ಕೀತ್‌ನನ್ನು ಯಾರೂ ಕರೆದಿರಲಿಲ್ಲ. ಹಾಡು ಇದೆಯೆಂದ ಮೇಲೆ ಹಾಡುವವನು ತಾನೇ ಅಂದುಕೊಂಡು, ಗಂಟಲಿಗೆ ಮಫ್ಲರ್ ಸುತ್ತಿ, ಬಾಯಲ್ಲಿ ಕೆಮ್ಮಿನ ಮಿಠಾಯಿ ಇಟ್ಟುಕೊಂಡು ಬಂದಿದ್ದ.

"ಯಾವ ಶ್ರುತೀಲಿ ನುಡಿಸ್ತೀರಾ?" ಎಂದಳು ಮಾರೀನ್.

ಲೆನ್ ಹುಬ್ಬೇರಿಸಿದ. "ಯಾವ ಶ್ರುತಿ ಅಂದ್ರೆ? ಕೀತ್ ಈಗ ಹಾಡ್ತಾನಲ್ಲ, ಅದ್ರಲ್ಲಿ."

"ಬೇಡ. ನೆವ್ ಕೇಳಿದ್ನಲ್ಲ, ಆ ಶ್ರುತೀಲಿ ನುಡಿಸಿ."

"ನೆವ್ ಯಾವ ಶ್ರುತೀನೂ ಕೇಳ್ಲಿಲ್ಲ ಮಾರೀನ್. ಆ ಹಾಡು ಅವನ ಗಂಟಲಿಗೆ ಹತ್ತಲಿಲ್ಲ, ಅಷ್ಟೇ. ಅವನದೇನೂ ತಪ್ಪಿಲ್ಲ ಬಿಡು, ಪಾಪ."

ನಲವತ್ತು ವರ್ಷದಿಂದ ಪತ್ರಿಕೆಯವರಿಗೂ ಟೀವಿಯವರಿಗೂ ಲೆನ್ ಹೇಳಿಕೊಂಡು ಬಂದದ್ದು ಇದೇ ಮಾತು. ಒಳ್ಳೇ ಹುಡುಗ, ಆದರೆ ದಮ್ಮು ಸಾಲಲಿಲ್ಲ. ಕೊನೆಗೆ ಹೇಳುವ ಆ 'ಪಾಪ' ಕೂಡ ಬದಲಾಗಿರಲಿಲ್ಲ.

ಮಾರೀನ್ ಕೈಚೀಲದ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಪಬ್ಬಲ್ಲಿ ಎರಡು ಗ್ಲಾಸ್ ಒಳಗೆ ಹೋದ್ರೆ ಸಾಕು, ಅವನದು ಒಂದೇ ಕತೆ. ಶ್ರುತಿ ಒಂದು ಮನೆ ಇಳಿಸಿ ಅಂತ ಕೇಳಿದ್ದೆ, ಕೊಡ್ಲಿಲ್ಲ ಅಂತ. ನಾನು ನಂಬ್ಲಿಲ್ಲ. ಟೀವೀಲಿ ಅಷ್ಟು ದೊಡ್ಡೋರು ಕೂತು ಸುಳ್ಳು ಹೇಳ್ತಾರಾ ಅನ್ಕೊಂಡೆ. ಸಾಕು ಮಾಡೋ, ಜನ ನಗ್ತಾರೆ ಅಂದೆ. ಆಮೇಲೆ ಅವನು ಆ ಮಾತೇ ಎತ್ತಲಿಲ್ಲ." ಟ್ರೆವರ್ ಕಡೆ ತಿರುಗಿದಳು. "ಅವನನ್ನ ಬ್ಯಾಂಡಿಗೆ ಕರ್ಕೊಂಡು ಹೋದವನು ನೀನು ಟ್ರೆವ್. ಇವತ್ತು ನಂಗೆ ಗೊತ್ತಾಗ್ಬೇಕು. ಕೇಳಿದ್ನಾ, ಇಲ್ವಾ?"

*

ಕೇಳಿದ್ದ. ಮೊದಲ ದಿನವೇ ಕೇಳಿದ್ದ.

ಪಕ್ಕದೂರು ಕ್ರ್ಯಾಡ್ಲಿಯಲ್ಲಿ ಮುಚ್ಚಿಹೋಗಿದ್ದ ಒಂದು ಸರಪಳಿ ಕಾರ್ಖಾನೆಯ ಮಹಡಿಯಲ್ಲಿ ಅವರ ಅಭ್ಯಾಸ ನಡೆಯುತ್ತಿತ್ತು. ಕಾರ್ಮಿಕರ ಕ್ಲಬ್ಬಿನಲ್ಲಿ ಶನಿವಾರ ಹಾಡುತ್ತಿದ್ದ ನೆವ್‌ನನ್ನು ಟ್ರೆವರ್ ಅಲ್ಲಿಗೆ ಕರೆತಂದಿದ್ದ. ನೆವ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಎಲ್ಲ ಹಾಡುಗಳೂ ಬಾಯಿಪಾಠ. ಅವನದು ತುಂಬಿದ, ಬೆಚ್ಚಗಿನ ದನಿ. 'ಕುಲುಮೆ'ಯ ಪಲ್ಲವಿ ಬಂದಾಗ ಮಾತ್ರ ಕತ್ತಿನ ನರ ಉಬ್ಬಿ ಮುಖ ಕೆಂಪಗಾಯಿತು. ಕೀತ್‌ನ ಗಂಟಲಿನ ಅಳತೆಗೆ ಹೊಲಿದ ಹಾಡು ಅದು.

"ಇದೊಂದು ಹಾಡು, ಒಂದೇ ಒಂದು ಮನೆ ಇಳಿಸೋಣ್ವಾ?" ಎಂದ ನೆವ್. "ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತೆ," ಎಂದ ಲೆನ್. "ಕೀತ್ ಹಾಡ್ತಿದ್ದ. ನೀನೂ ಹಾಡು."

ಒಂದು ಮನೆ ಇಳಿಸುವುದೆಂದರೆ ಗಿಟಾರಿನ ಕತ್ತಿನ ಮೇಲೆ ಒಂದು ಪಟ್ಟಿಯಷ್ಟು ಕೈ ಹಿಂದಕ್ಕೆ ಸರಿಸುವುದು, ಅಷ್ಟೇ. ನೆವ್ ಟ್ರೆವರ್ ಮುಖ ನೋಡಿದ. ಟ್ರೆವರ್ ಬಗ್ಗಿ, ಸರಿಯಾಗಿಯೇ ಇದ್ದ ತಂತಿಯನ್ನು ಬಿಗಿ ಮಾಡತೊಡಗಿದ. ಮಾತಾಡಿದರೆ ಲೆನ್ ತನ್ನನ್ನೂ ಬದಲಾಯಿಸಿಬಿಟ್ಟಾನು ಎಂಬ ಹೆದರಿಕೆ. ಆ ವಾರವಷ್ಟೇ ಅವನು ಹೊಸ ಕಾರು ನೋಡಿಟ್ಟು ಬಂದಿದ್ದ.

ಮೂರು ಚಳಿಗಾಲ ನೆವ್ ಹಾಗೇ ಹಾಡಿದ. ಪಲ್ಲವಿ ಬರುತ್ತಲೇ ಜನ ಬೆನ್ನು ತಿರುಗಿಸಿ ನಿಂತು "ಕೀತ್ ಎಲ್ಲಿ?" ಎಂದು ಕೂಗುತ್ತಿದ್ದರು. ಲೀಡ್ಸ್‌ನಲ್ಲಿ ಒಂದು ಸಂಜೆ ಬೇಸಿನ್ನಿಗೆ ಉಗುಳಿದಾಗ ರಕ್ತ ಬಿತ್ತು. ಗಂಟಲಿನ ಆಪರೇಷನ್ ಆಯಿತು. ಆಮೇಲೆ ಅವನ ಮಾತೇ ಗೊಗ್ಗರಾಯಿತು.

ಕೀತ್ ಮರಳಿ ಬಂದ. ಅದೇ ಮಹಡಿ. "ಅಮೆರಿಕದ ಹವಾ ನನ್ ಗಂಟ್ಲು ತಿಂದ್ಬಿಡ್ತು ಕಣ್ರೋ," ಎಂದು ಅವನು ಇನ್ನೂ ಮಾತು ಮುಗಿಸಿರಲಿಲ್ಲ, ಲೆನ್‌ನ ಕೈ ಹಿಂದಕ್ಕೆ ಸರಿದಿತ್ತು. ಒಂದಲ್ಲ, ಎರಡು ಮನೆ. ಟ್ರೆವರ್‌ನ ಕೈಯೂ ಲೆನ್‌ನ ಕೈಯ ಹಿಂದೆಯೇ ಹೋಯಿತು.

*

"ನೆನಪಿಲ್ಲ ಮಾರೀನ್," ಎಂದ ಟ್ರೆವರ್. "ಯಾವ ಕಾಲದ ಮಾತು ಅದು."

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಕಾರ್ಖಾನೆ ಮಹಡಿಯಲ್ಲಿ ಕಳೆದುಕೊಳ್ಳಲು ಏನೋ ಇತ್ತು, ಸರಿ. ಈಗ ಏನಿತ್ತು? ಎಪ್ಪತ್ತು ದಾಟಿದ ಮುದುಕ, ಕಾರೂ ಓಡಿಸುವುದಿಲ್ಲ. ಆದರೂ ನಾಲಿಗೆ ಹಳೇ ದಾರಿಯನ್ನೇ ಹಿಡಿಯಿತು.

ಮಾರೀನ್ ತಲೆಯಾಡಿಸಿ ಕುರ್ಚಿಯ ಮೇಲೆ ಕುಳಿತಳು. "ಸರಿ ಬಿಡು. ಅಂದ್ರೆ ನಾನು ಅವನಿಗೆ ಅನ್ಯಾಯ ಮಾಡ್ಲಿಲ್ಲ," ಎಂದಳು, ಅರ್ಧ ತನಗೇ ಎಂಬಂತೆ. "ಹೋಗ್ಲಿ. ಅಷ್ಟಾದ್ರೂ ಆಯ್ತು."

ಲೆನ್ ಟ್ರೆವರ್‌ನ ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಟ್ರೆವರ್‌ಗೆ ಉರಿಯಿತು.

*

ಎಷ್ಟೋ ವರ್ಷಗಳ ಹಿಂದೆ ಒಮ್ಮೆ ಟ್ರೆವರ್‌ನ ಹೆಂಡತಿ ಅಂಗಡಿಯಲ್ಲಿ ಕಾರ್ಪೆಟ್ ಆರಿಸಿ ಬಂದಳು. ಹಾಸಲು ಬಂದವನು ನೆವ್. ಅವನ ವ್ಯಾನು ಮನೆ ಮುಂದೆ ನಿಂತದ್ದನ್ನು ಕಿಟಕಿಯಿಂದ ಕಂಡ ಟ್ರೆವರ್ ಮೇಲಿನ ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿಕೊಂಡ. ಏನು ಮಾತಾಡುವುದು ಅವನೊಡನೆ? ಕೆಳಗಿನ ಕೋಣೆ ಮುಗಿಸಿ ಹೋಗುತ್ತಾನೆ ಅಂದುಕೊಂಡ. ಹೆಂಡತಿ ಮೆಟ್ಟಿಲಿಗೂ ಕಾರ್ಪೆಟ್ ಹೇಳಿದ್ದು ಅವನಿಗೆ ಗೊತ್ತಿರಲಿಲ್ಲ.

ಸುತ್ತಿಗೆಯ ಸದ್ದು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂತು. ಇಳಿದು ಹೋಗಲು ದಾರಿಯಿಲ್ಲ, ಸಿಕ್ಕಿಬಿದ್ದಿದ್ದ. ಕಮೋಡಿನ ಮುಚ್ಚಳದ ಮೇಲೆ ಕುಳಿತು, ಟೂತ್‌ಪೇಸ್ಟಿನ ಡಬ್ಬದ ಮೇಲಿದ್ದದ್ದನ್ನೆಲ್ಲ ಓದಿದ. ಕೆಳಗೆ ನೆವ್ ಕೆಲಸ ಮಾಡುತ್ತಲೇ ಗೊಗ್ಗರು ದನಿಯಲ್ಲಿ ಗುನುಗುತ್ತಿದ್ದ. 'ಕುಲುಮೆ'ಯೇ. ಒಂದು ಮನೆ ಕೆಳಗೆ.

ಸದ್ದು ಬಾಗಿಲ ಬಳಿ ಬಂದು ನಿಂತಿತು.

"ಟ್ರೆವ್, ಅಲ್ಲೇ ಸಂಸಾರ ಹೂಡಿದ್ಯೇನೋ? ನಂಗೂ ಅರ್ಜೆಂಟಿದೆ ಮಾರಾಯ," ಎಂದ ನೆವ್. ದನಿಯಲ್ಲಿ ಸಿಟ್ಟೇ ಇರಲಿಲ್ಲ. ಸ್ವಲ್ಪ ತಡೆದು ನೆವ್ ಮತ್ತೆ, ದನಿ ತಗ್ಗಿಸಿ ಹೇಳಿದ: "ಒಂದು ಉಪಕಾರ ಮಾಡ್ತೀಯಾ? ಶ್ರುತಿ ಇಳಿಸಿ ಅಂತ ನಾನು ಕೇಳಿದ್ದೆ ಅಂತ ಮಾರೀನ್‌ಗೆ ಒಂದ್ಸಲ ಹೇಳ್ಬಿಡೋ. ಬೇರೆ ಯಾರಿಗೂ ಬೇಡ. ಅವ್ಳಿಗೊಬ್ಳಿಗೆ. ನನ್ ಮಾತು ನಂಬಲ್ಲ ಅವ್ಳು."

ಟ್ರೆವರ್ ಕೈ ಚಾಚಿ ಫ್ಲಶ್ ಎಳೆದ. ಏನೂ ಕೇಳಿಸಲಿಲ್ಲ ಎನ್ನುವ ಹಾಗೆ. ನೀರಿನ ಸದ್ದು ಅಡಗುವ ಹೊತ್ತಿಗೆ ನೆವ್ ಕೆಳಗಿಳಿದಿದ್ದ.

*

"ಅಯ್ಯೋ, ಆ ಶ್ರುತಿ ವಿಷ್ಯಾನಾ?" ಎಂದ ಕೀತ್.

ಅವನು ಕನ್ನಡಿಯಲ್ಲಿ ಮಫ್ಲರ್ ಸರಿಮಾಡಿಕೊಳ್ಳುತ್ತಿದ್ದ. ಬೇರೆಯವರ ಮಾತು ಅವನ ಕಿವಿಗೆ ಯಾವತ್ತೂ ತಡವಾಗಿಯೇ ಬೀಳುತ್ತಿತ್ತು. "ನಂಗೆ ಗೊತ್ತಲ್ಲ ಅದು. ನಾನು ವಾಪಸ್ ಬಂದಾಗ ಲೆನ್ ಹೇಳಿ ಹೇಳಿ ನಗ್ತಿದ್ದ. ಒಂದು ಮನೆ ಇಳಿಸಿ, ಒಂದು ಮನೆ ಇಳಿಸಿ ಅಂತ ನೆವ್ ಮೂರು ವರ್ಷ ಪ್ರಾಣ ತಿಂದ, ತಾನು ಜಪ್ಪಯ್ಯ ಅನ್ಲಿಲ್ಲ ಅಂತ. ಕೀತ್ ಜಾಗ ಅಂದ್ರೆ ಕೀತ್ ಜಾಗಾನೇ ಅಂದ. ಅಲ್ವೇನೋ ಟ್ರೆವ್? ನೀನೂ ಇದ್ಯಲ್ಲ ಪಕ್ಕದಲ್ಲಿ." ಅವನು ಹೆಮ್ಮೆಯಿಂದಲೇ ತಿರುಗಿದ. ಯಾರ ಮುಖದಲ್ಲೂ ನಗುವಿರಲಿಲ್ಲ. "ಏನಾಯ್ತು?"

ಲೆನ್ ಗಿಟಾರಿನ ಪೆಟ್ಟಿಗೆಯ ಕೊಂಡಿ ತೆಗೆದ, ಮತ್ತೆ ಹಾಕಿದ.

ಮಾರೀನ್ ಲೆನ್‌ನ ಕಡೆ ನೋಡಲೇ ಇಲ್ಲ. "ನೆನಪಿಲ್ಲ ಅಂದ್ಯಲ್ಲೋ," ಎಂದಳು ಟ್ರೆವರ್‌ಗೆ. ಬಯ್ಯುವ ದನಿಯಲ್ಲ. "ಈಗ, ಇಲ್ಲೇ, ನನ್ ಮುಖ ನೋಡ್ಕೊಂಡು ಅಂದೆ."

"ಮಾರೀನ್..."

"ಮಾತಾಡ್ಬೇಡ. ಅವನು ನಿಜ ಹೇಳ್ತಿದ್ದ. ನಾನು ಮನೇಲಿ ಕೂತ್ಕೊಂಡು ಅವನ ಬಾಯಿ ಮುಚ್ಚಿಸ್ದೆ." ಅವಳು ಗಲ್ಲವನ್ನು ಕೈಯಿಂದ ಒತ್ತಿ ಹಿಡಿದಳು. "ಬಾಯಿ ಮುಚ್ಚಿಸ್ದೆ ಟ್ರೆವ್. ಅವನು ಸುಮ್ನೆ ಎದ್ದು ಹೋಗಿ ಪಾತ್ರೆ ತೊಳೀತಿದ್ದ."

ಟ್ರೆವರ್‌ಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಅದು ಗಟ್ಟಿಮುಟ್ಟಾದ ಸರಕಾರಿ ನೆಲ.

ಮೇಲ್ವಿಚಾರಕ ಬಾಗಿಲಲ್ಲಿ ಕೆಮ್ಮಿದ. ಮಾರೀನ್ ಎದ್ದಳು. "ನೆವ್ ಕೇಳಿದ ಶ್ರುತೀಲಿ ನುಡಿಸಿ."

"ಒಂದೇ ಮನೆ ಇಳಿಸೋದಾ?" ಕೀತ್ ಗಾಬರಿಯಾದ. "ನಾನೀಗ ಹಾಡೋದು ಇನ್ನೂ ಎಷ್ಟೋ ಕೆಳಗೆ. ಅಷ್ಟು ಎತ್ತರಕ್ಕೆ ನನ್ ಕೈಲಿ ಆಗಲ್ಲಮ್ಮ."

"ನಿನ್ನನ್ನ ಹಾಡು ಅಂದವರ್ಯಾರು ಕೀತ್? ಹಾಡೋನು ಸತ್ತೋಗಿದ್ದಾನೆ. ಬರೀ ನುಡಿಸ್ಲಿ."

*

ಪ್ರಾರ್ಥನೆ ನಡೆಸಿದ ಹೆಂಗಸು ನೆವ್‌ನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದಳು. ಅವನು ಹಾಸಿದ ಕಾರ್ಪೆಟ್ ತನ್ನ ಮನೆಯಲ್ಲಿ ಇವತ್ತಿಗೂ ಎದ್ದಿಲ್ಲ ಎಂದಾಗ ಜನ ನಕ್ಕರು. ಬ್ಯಾಂಡಿನ ಮಾತು ಒಂದೇ ವಾಕ್ಯದಲ್ಲಿ ಮುಗಿಯಿತು. ಆಮೇಲೆ ಅವಳು ಲೆನ್ ಮತ್ತು ಟ್ರೆವರ್ ಕಡೆ ತಲೆಯಾಡಿಸಿದಳು.

ಆ ಹಾಡು ಶುರುವಾಗುವುದೇ ಬೇಸ್‌ನಿಂದ. ಟ್ರೆವರ್‌ನ ಮೊದಲ ಸ್ವರ ಎಲ್ಲಿ ಬೀಳುತ್ತದೋ ಅದೇ ಶ್ರುತಿ. ಅವನು ಕಣ್ಣು ಮುಚ್ಚಿ ನುಡಿಸಿದ. ಬೆರಳು ತಾನಾಗಿಯೇ ಹೋಗಿ ಕೀತ್ ಈಗ ಹಾಡುವ ಕೆಳಗಿನ ಜಾಗದಲ್ಲಿ ಕೂತಿತು.

"ಅದಲ್ಲ," ಎಂದಳು ಮಾರೀನ್, ಮುಂದಿನ ಬೆಂಚಿನಿಂದ.

ಅವಳು ಜೋರಾಗಿ ಹೇಳಲಿಲ್ಲ. ಆದರೆ ಕೊನೆಯ ಸಾಲಿನವರೂ ಕತ್ತು ಉದ್ದ ಮಾಡಿ ನೋಡಿದರು. ಟ್ರೆವರ್‌ನ ಕಿವಿ ಬಿಸಿಯಾಯಿತು. ಎಲ್ಲರೂ ನೋಡುತ್ತಿರುವಂತೆಯೇ ಬೆರಳೆತ್ತಿ, ಮೇಲಕ್ಕೆ ಸರಿಸಿ, ನೆವ್‌ನ ಜಾಗದಲ್ಲಿ ಇಟ್ಟು ಮತ್ತೆ ನುಡಿಸಿದ. ಲೆನ್ ಸೇರಿಕೊಂಡ. ಯಾವತ್ತೂ ಗಿಟಾರನ್ನು ನೋಡದೆ ನುಡಿಸುತ್ತಿದ್ದವನು ಈಗ ತಲೆ ತಗ್ಗಿಸಿ ಒಂದೊಂದು ಬೆರಳನ್ನೂ ನೋಡಿಕೊಂಡು ಇಡಬೇಕಾಯಿತು.

ದನಿ ಸೇರಬೇಕಾದ ಕಡೆ ಬಂತು. ಯಾರೂ ಹಾಡಲಿಲ್ಲ. ಒಂದಿಬ್ಬರು ಮೊಬೈಲು ಎತ್ತಿ ಕೀತ್‌ನ ಕಡೆ ಹಿಡಿದರು. ಅವನು ಮಿಠಾಯಿಯನ್ನು ದವಡೆಗೆ ಒತ್ತಿಕೊಂಡು ಕೆಳಗೆ ನೋಡುತ್ತ ಕುಳಿತಿದ್ದ. ಹಾಡುವವನಿಲ್ಲದೆ ಸಾಲುಗಳು ಒಂದೊಂದಾಗಿ ದಾಟಿಹೋದವು. ಆಮೇಲೆ ಪಲ್ಲವಿ, ನೆವ್‌ನ ಗಂಟಲು ಹರಿದದ್ದು. ಆ ಶ್ರುತಿಯಲ್ಲಿ ಅದು ಎಷ್ಟು ಸಲೀಸಾಗಿ ಏರಿ ಇಳಿಯಿತೆಂದರೆ, ಟ್ರೆವರ್‌ಗೆ ಅಲ್ಲೇ ಗಿಟಾರ್ ಇಟ್ಟು ಓಡಿಹೋಗೋಣ ಅನ್ನಿಸಿತು. ಇಷ್ಟೇ. ಅವನು ಕೇಳಿದ್ದು ಇಷ್ಟೇ.

ಪೆಟ್ಟಿಗೆಯ ಮುಂದೆ ಪರದೆ ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು. ಜನ ಎದ್ದು ನಿಂತು ಅತ್ತ ನೋಡಿದರು. ಮಾರೀನ್ ಏಳಲಿಲ್ಲ, ಅತ್ತ ನೋಡಲೂ ಇಲ್ಲ. ಅವಳು ಟ್ರೆವರ್‌ನ ಬೆರಳುಗಳನ್ನೇ ನೋಡುತ್ತಿದ್ದಳು, ಮತ್ತೆಲ್ಲಿ ಜಾರಿಬಿಡುತ್ತವೋ ಎಂದು ಕಾವಲು ಕುಳಿತವಳಂತೆ.