ರಟ್ಟಿನ ಚೆಕ್ಕು

೨೦೧೪ರ ಆಗಸ್ಟ್ ಇಪ್ಪತ್ತೆರಡು, ಶುಕ್ರವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಕಾಲೇಜಿನ ನೌಕಾ ತರಬೇತಿ ಕಚೇರಿಯಲ್ಲಿ ಲೆಫ್ಟಿನೆಂಟ್ ಹ್ಯಾಸ್ಕೆಟ್ ಮೇಜಿನ ಮೇಲೆ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು, ಅಂಚುಗಳು ಸರಿಹೊಂದುವಂತೆ ಬೆರಳಿನಿಂದ ಜರುಗಿಸಿದ. ಒಂದರಲ್ಲಿ ಉಳಿದ ಆರು ಸೆಮಿಸ್ಟರುಗಳ ಖಾಲಿ ಚೌಕಗಳಿದ್ದವು. ಪದವಿಯವರೆಗಿನ ಪ್ರತಿಯೊಂದು ವಿಷಯವನ್ನೂ ಅವುಗಳಲ್ಲಿ ತುಂಬಿ ಸಹಿ ಹಾಕಬೇಕು. ಇನ್ನೊಂದರಲ್ಲಿ ಇದ್ದದ್ದು ಒಂದೇ ವಾಕ್ಯ: ನೌಕಾಪಡೆಯ ಅಧಿಕಾರಿ ತರಬೇತಿಯನ್ನೂ ವಿದ್ಯಾರ್ಥಿವೇತನವನ್ನೂ ಸ್ವಇಚ್ಛೆಯಿಂದ ಬಿಡುತ್ತಿದ್ದೇನೆ.

"ಐದಕ್ಕೆ ಬಾಗಿಲು ಹಾಕ್ತೀವಿ," ಎಂದ. "ಸೋಮವಾರ ಎಂಟು ಗಂಟೆ ಕ್ಲಾಸಲ್ಲಿ ನೀನು ಕೂತ್ರೆ ಎರಡನೇ ವರ್ಷ ಶುರು. ಇವತ್ತು ಬಿಟ್ರೆ ಏನೂ ಕೊಡ್ಬೇಕಿಲ್ಲ, ಅಲ್ಲಿಂದ ಕರಾರು ಬಿಗಿಯಾಯ್ತು ಅಂತ್ಲೇ. ಆಮೇಲೆ ಫೇಲಾದ್ರೆ ಕೊಟ್ಟಿದ್ದೆಲ್ಲ ವಾಪಸ್ ಕಟ್ಟು, ಇಲ್ಲ ಮಾಮೂಲಿ ನಾವಿಕಳಾಗಿ ಹಡಗು ಹತ್ತು."

"ಭೂಗೋಳ ತಗೊಂಡ್ರೆ, ಸರ್?" ಎದುರಿಗೆ ಕುಳಿತಿದ್ದ ಟೆಸ್ಸಾ ಕೇಳಿದಳು.

"ಅದು ಮೂರನೇ ಪಟ್ಟಿ ಕಣಮ್ಮ. ನೀನು ಬಂದಿರೋದು ಮೊದಲನೇ ಪಟ್ಟೀಲಿ. ಬದಲಾಯಿಸಿ ಅಂತ ನಾಲ್ಕು ಜನರ ಅರ್ಜಿ ಮೇಲಕ್ಕೆ ಕಳಿಸಿದೀನಿ. ಒಂದಾದ್ರೂ ಒಪ್ಪಿಗೆ ಆಗಿ ಬಂದಿದ್ರೆ ಕೇಳು."

ನೌಕಾಪಡೆಯ ಲೆಕ್ಕದಲ್ಲಿ ಮೊದಲನೇ ಪಟ್ಟಿಯಲ್ಲಿ ಎಂಜಿನಿಯರಿಂಗ್. ಎರಡನೆಯದರಲ್ಲಿ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ಮೂರನೆಯದರಲ್ಲಿ ಜಗತ್ತಿನ ಮಿಕ್ಕ ವಿದ್ಯೆಯೆಲ್ಲ. ವಿದ್ಯಾರ್ಥಿವೇತನ ಬಹುಪಾಲು ಮೊದಲನೆಯವರಿಗೇ ಸಿಗುತ್ತದೆಂದು ಅರ್ಜಿ ಹಾಕುವ ಪ್ರತಿಯೊಬ್ಬರಿಗೂ ಗೊತ್ತು. ಟೆಸ್ಸಾಳ ಹೈಸ್ಕೂಲಿನ ಸಲಹೆಗಾರ ಥ್ಯಾಕ್ಸ್‌ಟನ್ ಕೂಡ ಅದನ್ನೇ ಹೇಳಿದ್ದ: "ಮೆಕ್ಯಾನಿಕಲ್ ಅಂತ ಬರಿ. ಒಳಗೆ ಹೋದ್ಮೇಲೆ ಇಷ್ಟ ಬಂದದ್ದು ಓದ್ಕೋ. ಎಲ್ರೂ ಹಂಗೇ ಮಾಡೋದು." ಅವಳು ಬರೆದಳು. ಹಾಸ್ಟೆಲಿನ ಮಂಚದ ಮೇಲುಗಡೆ ಓಹಿಯೊ ನದಿಯ ಉದ್ದನೆಯ ನಕ್ಷೆಯನ್ನು ಅಂಟಿಸಿಕೊಂಡು, ಒಳಗೆ ಹೋದ ಮೇಲೆ ಬದಲಾಯಿಸುವ ದಿನಕ್ಕೆ ಕಾದಳು.

ಅಷ್ಟರಲ್ಲಿ ಎರಡನೇ ಕ್ಯಾಲ್ಕ್ಯುಲಸ್ ಎದುರಾಯಿತು. ಒಂದು ಅನಂತ ಶ್ರೇಣಿ ಯಾವುದಾದರೂ ಮೊತ್ತಕ್ಕೆ ಹತ್ತಿರವಾಗುತ್ತದೆಯೋ ಇಲ್ಲವೋ ಎಂದು ನಿರ್ಧರಿಸಬೇಕು. ಪುಸ್ತಕ ತೆರೆದಿದ್ದಾಗ ಅರ್ಥವಾಗುತ್ತಿದ್ದುದು ಮುಚ್ಚಿದ ಕೂಡಲೇ ಇಲ್ಲವಾಗುತ್ತಿತ್ತು. ಮೇ ತಿಂಗಳಲ್ಲಿ ನಲವತ್ತೆಂಟು ಅಂಕ. ಬೇಸಿಗೆಯಿಡೀ ಊರಿಗೆ ಹೋಗದೆ ಓದಿ ಮತ್ತೆ ಬರೆದಾಗ ಐವತ್ತೊಂದು. ಪಾಸಾಗಲು ಅರವತ್ತು ಬೇಕು. ಈ ವೇಗದಲ್ಲಿ ಇನ್ನೂ ಮೂರು ಸಲ ಬರೆಯಬೇಕಾಗುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಅಂಥ ಲೆಕ್ಕ ಅವಳಿಗೆ ಸುಲಭವಾಗಿ ಬರುತ್ತಿತ್ತು.

"ಅಮ್ಮನ ಹತ್ರ ಮಾತಾಡ್ಕೊಂಡು ಬರ್ಲಾ, ಸರ್?"

ಮೆಟ್ಟಿಲ ಬಳಿ ನಿಂತು ಫೋನ್ ಮಾಡಿದಳು. ಆ ತುದಿಯಲ್ಲಿ ಪೊರಕೆಯ ಸದ್ದು. ತಾಯಿ ವರ್ನಾ ಸ್ಕೂಲ್ ಬಸ್ಸಿನ ಡ್ರೈವರು. ಕೊನೆಯ ಮಗುವನ್ನು ಇಳಿಸಿ ಬಸ್ಸು ಗುಡಿಸುತ್ತಿದ್ದಳು.

"ಯಾವನೋ ಸೀಟಿನ ಕೆಳಗೆಲ್ಲ ಚೂಯಿಂಗ್ ಗಮ್ ಅಂಟಿಸಿದಾನೆ ನೋಡು, ಕೈಗೆ ಸಿಗ್ಲಿ. ಏನೇ, ಇಷ್ಟೊತ್ತಲ್ಲಿ?"

ಟೆಸ್ಸಾ ಎಲ್ಲವನ್ನೂ ಹೇಳಿದಳು. ಬೇಸಿಗೆಯ ಅಂಕವನ್ನು ಅವಳು ಅಲ್ಲಿಯವರೆಗೆ ಮುಚ್ಚಿಟ್ಟಿದ್ದಳು. ಪೊರಕೆಯ ಸದ್ದು ನಿಂತಿತು.

"ಬಿಟ್ರೆ ಕಾಲೇಜು?"

"ಕಾಲೇಜೂ ಇಲ್ಲ, ಅಮ್ಮ. ಯಾರು ಕಟ್ತಾರೆ?"

"ಮತ್ತೆ ಇದೇನೇ ಮಾತು! ಸೋಮವಾರ ಹೋಗಿ ಕೂತ್ಕೋ. ಓದು. ಮೂರನೇ ಸಲ ಎಂಥ ಗೂಬೆಗೂ ಬರುತ್ತೆ."

"ಬರ್ದೆ ಹೋದ್ರೆ?"

"ನೋಡು, ಇಪ್ಪತ್ತೆರಡು ವರ್ಷದಿಂದ ಈ ಬಸ್ಸು ಓಡಿಸ್ತಿದೀನಿ. ನಮಗೆ ಮೊದಲ ದಿನ ಹೇಳ್ಕೊಡೋದೇ ಅದು, ರಿವರ್ಸ್ ತಗೋಬೇಡ ಅಂತ. ಹಿಂದುಗಡೆ ಏನಿದೆ ಅಂತ ಕಾಣಲ್ಲ." ವರ್ನಾಳ ಧ್ವನಿ ಸಣ್ಣದಾಯಿತು. "ಆ ಚೆಕ್ಕನ್ನ ಊರೆಲ್ಲ ನೋಡಿದೆ ಕಣೇ."

ಹಿಂದಿನ ವರ್ಷ ಬಹುಮಾನದ ದಿನ ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬ ಹೈಸ್ಕೂಲಿನ ವೇದಿಕೆಗೆ ಬಂದು, ವಿದ್ಯಾರ್ಥಿವೇತನದ ಮೊತ್ತ ಬರೆದಿದ್ದ, ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕನ್ನು ಟೆಸ್ಸಾಳ ಕೈಗಿತ್ತಿದ್ದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದರು. ಅದು ಕಾರಿನೊಳಗೆ ಹಿಡಿಸಲಿಲ್ಲ. ವರ್ನಾ ನಿಯಮ ಮುರಿದು, ಸ್ಕೂಲ್ ಬಸ್ಸಿನಲ್ಲಿ ಅದನ್ನು ಮನೆಗೆ ಸಾಗಿಸಿ, ಅಡಿಗೆಮನೆಯ ಗೋಡೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಿದ್ದಳು.

"ಅಮ್ಮ, ನನ್ ಕೈಲಿ ಆಗ್ತಿಲ್ಲ."

"ಆಗಲ್ಲ ಅನ್ನೋದನ್ನ ನನಗೆ ಹೇಳ್ಬೇಡ," ಎಂದು ವರ್ನಾ ಫೋನ್ ಇಟ್ಟಳು.

ನಾಲ್ಕು ಮೂವತ್ತೈದಕ್ಕೆ ಟೆಸ್ಸಾ ಮತ್ತೆ ಕುರ್ಚಿಯಲ್ಲಿ ಕುಳಿತು ಮೊದಲ ಹಾಳೆಯನ್ನೇ ಎಳೆದುಕೊಂಡಳು. ಮೊದಲ ಚೌಕದಲ್ಲಿ ಕ್ಯಾಲ್ಕ್ಯುಲಸ್ ಎರಡು ಎಂದು ಬರೆದಳು. ಅದು ಪಾಸಾದರೆ ಮಾತ್ರ ಮೂರು. ಮೂರು ಆದರೆ ಚಲನಶಾಸ್ತ್ರ, ಅದಾದರೆ ದ್ರವಗಳು, ಅದಾದರೆ ಉಷ್ಣ. ಒಂಬತ್ತು ಚೌಕ ತುಂಬಿದ ಮೇಲೆ ಪೆನ್ನು ನಿಂತಿತು. ಮಿಕ್ಕ ಎಂಟೂ ಆ ಮೊದಲನೆಯದರ ಮೇಲೆ ನಿಂತಿದ್ದವು. ಅಂಗೈಯ ಬೆವರು ತಾಗಿ ಅದರ ಶಾಯಿ ಆಗಲೇ ಹರಡಿತ್ತು. ಅವಳು ಅದನ್ನು ಒರೆಸಲು ಹೋದಳು, ಇನ್ನಷ್ಟು ಹರಡಿತು.

ನಾಲ್ಕು ಐವತ್ತಮೂರಕ್ಕೆ ಎರಡನೇ ಹಾಳೆಗೆ ಸಹಿ ಹಾಕಿದಳು.

ಹ್ಯಾಸ್ಕೆಟ್ ಅದನ್ನು ಓದಿ ಕಡತದೊಳಗೆ ಇಟ್ಟ. "ದಿಕ್ಸೂಚಿ ಕೊಟ್ಟು ಕಾಡಿಗೆ ಬಿಟ್ರೆ ನಿನ್ನಷ್ಟು ಬೇಗ ಹೊರಗೆ ಬರೋರು ನಮ್ಮಲ್ಲಿ ಇರ್ಲಿಲ್ಲ," ಎಂದ. ಆಮೇಲೆ, "ಸಮವಸ್ತ್ರ ಒಗೆದು ವಾಪಸ್ ಕೊಡ್ಬೇಕು. ಬೂಟು ನೀನೇ ಇಟ್ಕೋಬಹುದು."

ಶನಿವಾರ ಅವಳು ಊರು ತಲುಪಿದಾಗ ವರ್ನಾ ಬೀನ್ಸ್ ಕಾಳಿನ ಸಾರನ್ನೂ ಮೆಕ್ಕೆಜೋಳದ ಬ್ರೆಡ್ಡನ್ನೂ ಮುಂದಿಟ್ಟು ಹಿತ್ತಿಲಿಗೆ ಹೋದಳು. ಟೆಸ್ಸಾ ಚೆಕ್ಕಿಗೆ ಬೆನ್ನು ಹಾಕಿ ಕುಳಿತು ಉಂಡಳು.

ಭಾನುವಾರ ಬೆಳಿಗ್ಗೆ ಎದ್ದು ಬಂದಾಗ ಚೆಕ್ಕು ಗೋಡೆಯ ಮೇಲಿರಲಿಲ್ಲ. ನಾಲ್ಕು ಸ್ಕ್ರೂಗಳು ಒಂದು ಬಟ್ಟಲಲ್ಲಿದ್ದವು. ಹದಿನೈದು ತಿಂಗಳ ಅಡಿಗೆಯ ಹೊಗೆ ಮಿಕ್ಕ ಗೋಡೆಯನ್ನು ಹಳದಿಯಾಗಿಸಿತ್ತು. ಚೆಕ್ಕಿದ್ದ ಕಡೆ ಬಣ್ಣ ಹೊಸದಾಗಿಯೇ ಇತ್ತು. ಚರ್ಚಿಗೆ ಹೊರಡುವ ಉಡುಪಿನಲ್ಲಿ ವರ್ನಾ ಅದರೆದುರು ನಿಂತಿದ್ದಳು.

"ಏನಾದ್ರೂ ಹಾಕಿ ಮುಚ್ಬೇಕು," ಎಂದಳು. "ಜನ ಬರ್ತಾರೆ."

"ನನ್ನ ನಕ್ಷೆ ಇದೆ. ನದೀದು."

"ಸಾಲತ್ತಾ?"

"ಗೊತ್ತಿಲ್ಲ."

"ತಾ ಮತ್ತೆ. ಗೊತ್ತಿಲ್ಲ ಅಂತ ನಿಂತ್ಕೊಂಡ್ರೆ?"

ಟೆಸ್ಸಾ ನಕ್ಷೆಯನ್ನು ಬಿಡಿಸಿ ಎಡತುದಿಯನ್ನು ಒತ್ತಿಹಿಡಿದಳು. ವರ್ನಾ ಇನ್ನೊಂದು ತುದಿಯನ್ನು ಗೋಡೆಗುಂಟ ಬಲಕ್ಕೆ ಎಳೆದು, ಎಷ್ಟು ಬರುತ್ತದೋ ಅಷ್ಟು ಬಿಗಿಯಾಗಿ ಹಿಡಿದು, ಕಿಸೆಯಿಂದ ಅಳತೆಯ ಟೇಪು ತೆಗೆದಳು. ಎತ್ತರ ಸರಿಯಾಗಿತ್ತು. ಉದ್ದದಲ್ಲಿ ಹನ್ನೊಂದು ಅಂಗುಲ ಕಡಿಮೆ.