ಬಾಗಿಲಿಗೆ ಕಟ್ಟಿದ ಗಾಲಿ

ಬಾಚಣಿಗೆ ನೆತ್ತಿಗೆ ನಾಟುವಂತೆ ಎಳೆದು, ಭರಮಮ್ಮ ಸೊಸೆ ಜಂಬಕ್ಕನ ಕೂದಲು ಸುತ್ತಿ ತುರುಬು ಬಿಗಿದಳು. "ಇಕಿ ಮಗಳು ಮೈನೆರೆದಾಳ, ಆದ್ರೂ ಇಕಿಗಿ ಇನ್ನಾ ನಾನ ತಲಿ ಬಾಚಬೇಕು" ಎಂದಳು. ಕಟ್ಟೆಯ ಮೇಲಿದ್ದ ಹೆಂಗಸರು ನಕ್ಕರು. ಜಂಬಕ್ಕ ನೆಲ ನೋಡುತ್ತ ಕೂತಳು. ಅವಳ ಬಲಗೈ ಎದೆಮಟ್ಟ ದಾಟಿ ಏಳುತ್ತಿರಲಿಲ್ಲ.

ಬೋರಿಂಗ್ ಕೆಟ್ಟಿದ್ದ ಬೇಸಿಗೆಯಲ್ಲಿ ಬಾವಿಗೆ ಹೋಗಿದ್ದಳು. ಹಗ್ಗ ಜಾರಿತು, ಕೊಡ ಬಿಡಬಾರದೆಂದು ಒಂಟಿ ಕೈಯಲ್ಲಿ ಹಿಡಿದದ್ದೇ ಭುಜದೊಳಗೆ ಏನೋ ಪಟ್ಟೆಂದಿತು. ಎಲ್ಲರೂ ಉಳುಕು ಎಂದರು. ಉಳುಕಿಗೆ ಮನೆಯಲ್ಲೇ ಮದ್ದಿತ್ತು. ಭರಮಮ್ಮ ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವಳು. ಅಂಥವರು ಒದ್ದರೆ ಉಳುಕು ಬಿಡುತ್ತದೆಂದು ಕೋಗಳಿಯಿಂದಲೂ ಜನ ಅವಳ ಅಂಗಳಕ್ಕೆ ಬರುತ್ತಿದ್ದರು. ಸೊಸೆಯೆಂಬ ಪ್ರೀತಿಗೆ ಅವಳು ಒಂದಿಷ್ಟು ಜೋರಾಗಿಯೇ ಒದ್ದಳು. ಆಮೇಲೆ ಜಂಬಕ್ಕ ಬಲಮಗ್ಗುಲಿಗೆ ಮಲಗಲಾರದಾದಳು.

ಕುರಿ ಮೇಯಿಸಲು ದೂರ ಹೋಗಿದ್ದ ಗಂಡ ಮೈಲಪ್ಪ ಊರಿಗೆ ಮರಳಿದವನೇ ಇಬ್ಬರನ್ನೂ ಹಗರಿಬೊಮ್ಮನಹಳ್ಳಿಯ ಬಸ್ಸು ಹತ್ತಿಸಿದ. ಅಲ್ಲಿ ಕೈಕಾಲಿನ ವ್ಯಾಯಾಮ ಹೇಳಿಕೊಡುವ ವಾಣಿಶ್ರೀ ಮೇಡಂ ತಮ್ಮ ಎಡಮುಷ್ಟಿಯನ್ನು ಬಲಗೈಯ ನಾಲ್ಕು ಬೆರಳಿನಿಂದ ಅಪ್ಪಿ ತೋರಿಸಿದರು. ಭುಜದ ಗುಂಡನ್ನು ನಾಲ್ಕು ಸ್ನಾಯುಗಳು ಹೀಗೆ ಹಿಡಿದಿರುತ್ತವೆ, ಮೇಲಿನದು ಅರ್ಧ ಹರಿದಿದೆ, ಕೈ ಆಡಿಸದೆ ಕೂತಿದ್ದಕ್ಕೆ ಕೀಲೂ ಬಿಗಿದಿದೆ ಎಂದರು.

"ಆಮ್ಯಾಲೆ ಮತ್ತ ಪೆಟ್ಟು ಬಿದ್ದಿತ್ತೇನ್ರಿ?"

ಭರಮಮ್ಮ ಸೆರಗು ಸರಿಮಾಡಿಕೊಂಡಳು.

"ನಾನ ಜಾರಿ ಬಿದ್ದಿದ್ದೆ ರೀ" ಎಂದಳು ಜಂಬಕ್ಕ.

ಊರಿಗೆ ಮರಳಿದ ಮೇಲೆ ಮೇಡಂ ಹೇಳಿಕೊಟ್ಟ ವ್ಯಾಯಾಮ ಮನೆಯಲ್ಲಿ ಶುರುವಾಯಿತು.

ಮೊದಲು ಬಗ್ಗಿ ನಿಂತು ಕೈಯನ್ನು ಖಾಲಿ ಬಿಂದಿಗೆಯಂತೆ ತೂಗಾಡಿಸುವುದು. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುವುದು. ಬೋರಿಂಗ್ ರಿಪೇರಿಯಾಗಿ ಬಾವಿ ಪಾಳು ಬಿದ್ದಿತ್ತು. ಮೈಲಪ್ಪ ಅದರ ನೀರು ಸೇದುವ ಗಾಲಿ ಬಿಚ್ಚಿ ತಂದು ಬಾಗಿಲ ಮೇಲೆ ತೂಗುಹಾಕಿ ಹಗ್ಗ ಇಳಿಬಿಟ್ಟ. ಎಡಗೈ ಹಗ್ಗ ಜಗ್ಗಿದರೆ ಬಲಗೈ ಮೇಲೇರಬೇಕು. ನೋವಿಗೆ ಜಂಬಕ್ಕನ ಕಣ್ಣಲ್ಲಿ ನೀರು ಬರುತ್ತಿತ್ತು, ಗಾಲಿ ಕಿರ್ರೆನ್ನುತ್ತಿತ್ತು. "ಮನಿಯೊಳಗ ಬಾವಿ ತೋಡ್ಯಾಳ" ಎಂದು ಗೊಣಗುತ್ತ ಅತ್ತೆ ಹಗ್ಗದಡಿ ಬಗ್ಗಿ ಓಡಾಡುತ್ತಿದ್ದಳು. ಒಂದು ಬೆಳಿಗ್ಗೆ ಗಾಲಿ ಕಿರ್ರೆನ್ನಲಿಲ್ಲ. ಯಾರೋ ಅದಕ್ಕೆ ಹರಳೆಣ್ಣೆ ಬಿಟ್ಟಿದ್ದರು. ಭರಮಮ್ಮನ ಬೆರಳು ಜಿಡ್ಡಾಗಿತ್ತು.

ಸುಣ್ಣದ ಗೋಡೆಯ ಮೇಲೆ ಬೆರಳ ಗುರುತು ಏರುತ್ತ ಹೋಯಿತು.

ಒಂದು ದಿನ ಜಂಬಕ್ಕ ಕೂದಲು ಬಿಚ್ಚಿ ಅತ್ತೆಯ ಮುಂದೆ ಕೂತಿದ್ದಾಗ, ಕೋಗಳಿಯ ಓಬಳೇಶಪ್ಪ ಭುಜ ಹಿಡಿದುಕೊಂಡು ಬಂದ. ಕೈಯಲ್ಲಿ ತೆಂಗಿನಕಾಯಿ. ಒಂದು ಒದೆ ಕೊಡಬೇಕೆಂದು ಕೇಳಿಕೊಂಡ. ಕಟ್ಟೆಯ ಹೆಂಗಸರು ನೋಡಲು ಸರಿದು ಕೂತರು. ಭರಮಮ್ಮ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು.

"ಭುಜಕ್ಕ ನಾನು ಒದಿಯಂಗಿಲ್ಲಪ್ಪ. ಸೊಸಿಗಿ ಒದ್ದು ಕೆಡಿಸೀನಿ. ಬೊಮ್ಮನಹಳ್ಳಿ ಮೇಡಮ್ಮಾರ ಹತ್ರ ಹೋಗು."



"ಅಲ್ಲಿಗಿ ಹೋದ್ರ ಕೈ ಎದ್ದೀತೇನಬೇ?" ಎಂದ ಓಬಳೇಶಪ್ಪ.

ಭರಮಮ್ಮ ಸೊಸೆಯ ಕಡೆ ನೋಡಿದಳು. ಬಾಚಣಿಗೆ ಗಾಳಿಯಲ್ಲೇ ನಿಂತಿತ್ತು.

ಜಂಬಕ್ಕ ಎರಡೂ ಕೈ ಎತ್ತಿದಳು. ಬಲಗೈ ಕಿವಿಯ ಹತ್ತಿರ ಒಮ್ಮೆ ಅದುರಿ, ನಿಂತು, ಮತ್ತೆ ಏರಿತು. ಬೆರಳುಗಳು ತಲೆಯ ಹಿಂದೆ ಒಂದನ್ನೊಂದು ಹುಡುಕಿಕೊಂಡವು. ಕೂದಲು ಒಟ್ಟುಗೂಡಿತು, ತಿರುಚಿತು, ತುರುಬಾಯಿತು. ಸ್ವಲ್ಪ ಎಡಕ್ಕೆ ವಾಲಿತ್ತು.

ಭರಮಮ್ಮ ಬುಟ್ಟಿಯಿಂದ ಕನಕಾಂಬರದ ತುಣುಕು ತೆಗೆದು ಮುಡಿಸಲು ಹೋದವಳು ಕೈ ತಡೆದಳು. ಹೂವನ್ನು ಸೊಸೆಯ ಹೆಗಲ ಮೇಲಿಂದ ಮುಂದಕ್ಕೆ ಚಾಚಿ, ಕಾಯುತ್ತ ಕೂತಳು.