ಕವನಾಳ ಸುತ್ತಿಗೆ ಏಟು

ಕೆಲಸದ ನಡುವೆ ಯಾರಾದರೂ ಬುದ್ಧಿ ಹೇಳಿದರೆ ಕವನಾಗೆ ಮೈಯೆಲ್ಲ ಉರಿಯುತ್ತದೆ. ರಿಪ್ಪನ್‌ಪೇಟೆಯ ಅವಳ ಬೈಕ್ ರಿಪೇರಿ ಅಂಗಡಿಗೆ ಬರುವವರಿಗೆಲ್ಲ ಅದು ಗೊತ್ತು, ಪಕ್ಕದ ಬೀದಿಯ ಶಿವರಾಮನೊಬ್ಬನನ್ನು ಬಿಟ್ಟು.

ಶಿವರಾಮನ ಬೈಕಿನ ಇಂಜಿನ್ ಕವರಿನಿಂದ ಆಯಿಲ್ ಸೋರುತ್ತಿತ್ತು. ಕವರ್ ಬಿಚ್ಚೋಣವೆಂದರೆ ಸ್ಕ್ರೂಗಳು ಕಚ್ಚಿಕೊಂಡು ಕೂತಿದ್ದವು, ತಲೆಗಳೂ ಸವೆದುಹೋಗಿದ್ದವು. ಕವನಾ ತನ್ನ ಹಳೇ ಇಂಪ್ಯಾಕ್ಟ್ ಡ್ರೈವರ್ ಎತ್ತಿಕೊಂಡಳು. ಹಿಂದಿನಿಂದ ಸುತ್ತಿಗೆಯಲ್ಲಿ ಹೊಡೆದರೆ, ಸ್ಕ್ರೂವನ್ನು ಒಳಕ್ಕೆ ಒತ್ತಿ ಹಿಡಿದೇ ತಿರುಗಿಸುವ ದಪ್ಪನೆಯ ಸ್ಕ್ರೂಡ್ರೈವರ್ ಅದು.

"ಇನ್ನೂ ಇದನ್ನೇ ಕುಟ್ತಾ ಕೂತಿದ್ದೀರಾ ಕವನಕ್ಕ?" ಶಿವರಾಮ ನಕ್ಕ. "ಬ್ಯಾಟರಿದು ಒಂದು ತಗೊಳ್ಳಿ. ಹೋದ ತಿಂಗಳು ಸಾಗರದಲ್ಲಿ ಇದೇ ಕವರ್ ಹಾಕಿಸಿದೆ. ಟುರ್ ಅಂತ ಒಂದ್ಸಲ ಅನ್ಸಿದ್ರು, ಅಷ್ಟೂ ಸ್ಕ್ರೂ ಟೈಟ್!"

ಆ ಬ್ಯಾಟರಿ ಡ್ರೈವರ್ ಮೇಲೆ ಕವನಾಗೂ ಆಸೆ ಇಲ್ಲದೆ ಏನಿಲ್ಲ. ಬಿಡುವಾದಾಗಲೆಲ್ಲ ಫೋನಿನಲ್ಲಿ ಅದನ್ನೇ ನೋಡುತ್ತಿದ್ದಳು. ಈಗ ಮಾತ್ರ ಠಣ್ಣೆಂದು ಸುತ್ತಿಗೆ ಬೀಸಿದಳು. ಮೊದಲ ಸ್ಕ್ರೂ ಸಡಿಲವಾಯಿತು. ಉಳಿದವೂ ಅದರ ಹಿಂದೆಯೇ ಬಂದವು. ಕವರ್ ಕಳಚಿ, ಒರೆಸಿ, ಬೆಳಕಿಗೆ ಹಿಡಿದಳು. ಸ್ಕ್ರೂ ಕೂತಿದ್ದ ತೂತಿನಿಂದ ಅಂಚಿನವರೆಗೆ ಕೂದಲೆಳೆಯಂಥ ಬಿರುಕು.

"ನೋಡು ಪುಣ್ಯಾತ್ಮ, ಹದ ತಪ್ಪಿ ಬಿಗಿದಿದ್ದಕ್ಕೆ ಕವರೇ ಸೀಳಿದೆ. ಹೊಸದೇ ಹಾಕ್ಬೇಕು."

ಶಿವರಾಮನ ನಗು ಇಳಿಯಿತು. "ಹಾಗಾದ್ರೆ ನೀವು ಬ್ಯಾಟರಿದು ತಗೊಳ್ಳೋದಿಲ್ವಾ ಅಕ್ಕಾ?"

"ನಂಗ್ಯಾಕೋ ಅದು?" ಕವನಾ ಸುತ್ತಿಗೆ ಕೆಳಗಿಟ್ಟಳು. "ಆ ಸಾಗರದವ್ರ ಹತ್ರ ಇದ್ರೆ ಸಾಕು, ನಂಗೆ ಕೆಲಸ ಬರ್ತಾನೇ ಇರುತ್ತೆ."